ದೀಪ ಆರಿದ ಮೇಲೆ

ಹೊಸ ವರ್ಷಕ್ಕೆ ಡೈರಿ ಹಂಚುವವರ ಮೇಲೆ ನನಗೆ ದ್ವೇಷವೇನಿಲ್ಲ. ವಿಮೆ ಏಜೆಂಟರು ಕೊಡುವ ಡೈರಿ ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ, ಇಸ್ತ್ರಿಯ ಲೆಕ್ಕ ಬರೆಸಿಕೊಂಡು ಮಾನವಾಗಿ ಬಾಳುತ್ತದೆ. ಆದರೆ ಈ ಸಲ ಸೋದರಳಿಯ ತಂದ ಡೈರಿಯಲ್ಲಿ ಹಾಲಿಗೆ ಜಾಗವೇ ಇಲ್ಲ. ಪ್ರತಿ ಪುಟದ ನೆತ್ತಿಯ ಮೇಲೂ ಒಂದು ಪ್ರಶ್ನೆ ಅಚ್ಚಾಗಿದೆ: ‘ಇಂದು ನಿಮ್ಮ ಹತೋಟಿಯಲ್ಲಿ ಏನಿತ್ತು?’ ಉತ್ತರಕ್ಕೆ ಐದೇ ಗೆರೆ. ರಟ್ಟಿನ ಮೇಲೆ ಗುಂಗುರು ಗಡ್ಡದ ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್. “ಸ್ಟೋಯಿಕರು ಅಂತ ಹಳೆಯ ಗ್ರೀಕ್-ರೋಮನ್ ತತ್ವಜ್ಞಾನಿಗಳು, ಅವರ ಪದ್ಧತಿ ಮಾವ, ದಿನಾ ಬರೆದರೆ ನಿಮ್ಮ ಸಿಟ್ಟಿಗೆ ಒಳ್ಳೆಯದು” ಎಂದ. ಸಿಟ್ಟು ಬಂತು.

ಪಾಪ, ಆ ಚಕ್ರವರ್ತಿಗೆ ಯಾರೂ ಪ್ರಶ್ನೆ ಅಚ್ಚು ಹಾಕಿಸಿ ಕೊಟ್ಟಿರಲಿಲ್ಲ. ರೋಮ್ ಬಿಟ್ಟು ಡ್ಯಾನ್ಯೂಬ್ ಗಡಿಯ ಯುದ್ಧದಲ್ಲಿದ್ದವನು ತನಗಾಗಿ ಗ್ರೀಕಿನಲ್ಲಿ ಗೀಚಿಕೊಂಡ. ಅವನ ಟಿಪ್ಪಣಿಗಳಲ್ಲಿ ಎರಡು ಕಡೆ ಮಾತ್ರ ಬರೆದ ಸ್ಥಳದ ಹೆಸರಿದೆ: ಒಂದು ಗ್ರಾನುವಾ ನದಿಯ ಬಳಿಯ ಕ್ವಾಡಿ ಜನರ ಸೀಮೆ, ಇನ್ನೊಂದು ಈಗಿನ ಆಸ್ಟ್ರಿಯದ ಕಾರ್ನುಂಟಮ್. ಬೆಳಗ್ಗೆ ಹೊದಿಕೆ ಬಿಟ್ಟು ಏಳಲಾರದ ತನ್ನನ್ನು ತಾನೇ ಬೈದುಕೊಳ್ಳುತ್ತಾನೆ. ಸ್ನಾನವೆಂದರೇನು, ಎಣ್ಣೆ, ಬೆವರು, ಕೊಳೆ, ಜಿಡ್ಡುನೀರು ಎಂದು ಮುಖ ಸಿಂಡರಿಸುತ್ತಾನೆ. ಮೂರನೆಯ ಭಾಗದಲ್ಲಂತೂ, ಈ ಟಿಪ್ಪಣಿಗಳನ್ನು ನೀನು ಮತ್ತೆ ಓದುವುದಿಲ್ಲ, ಸುಮ್ಮನೆ ಅಲೆಯಬೇಡ ಎಂದು ತನಗೇ ಹೇಳಿಕೊಂಡಿದ್ದಾನೆ. ಡೈರಿ ಮಾರುವವರು ಆ ಸಾಲನ್ನು ರಟ್ಟಿನ ಮೇಲೆ ಹಾಕುವುದಿಲ್ಲ.

ನನಗೆ ತಲೆ ಕೆಟ್ಟದ್ದು ಅವನಿಂದಲ್ಲ, ಅವನಿಗಿಂತ ನೂರು ವರ್ಷ ಹಿಂದಿನ ರೋಮಿನ ಸ್ಟೋಯಿಕ್ ತತ್ವಜ್ಞಾನಿ ಸೆನೆಕನಿಂದ. ಕೋಪದ ಮೇಲೆ ಮೂರು ಭಾಗಗಳ ಗ್ರಂಥ ಬರೆದ ಆ ಮಹಾಶಯ, ತಾನು ಪ್ರತಿ ರಾತ್ರಿ ಇಡೀ ದಿನದ ವಿಚಾರಣೆ ನಡೆಸುವುದಾಗಿ ಹೇಳುತ್ತಾನೆ. ಯಾವಾಗ? ದೀಪ ತೆಗೆದ ಮೇಲೆ, ತನ್ನ ಅಭ್ಯಾಸ ಗೊತ್ತಿರುವ ಹೆಂಡತಿ ಸುಮ್ಮನಾದ ಮೇಲೆ.

ಆ ಹೆಂಡತಿ ನನ್ನನ್ನು ಬಿಡುತ್ತಿಲ್ಲ. ಹೆಸರನ್ನೂ ಹೇಳದೆ ಮುಂದೆ ಹೋಗಿಬಿಡುತ್ತಾನೆ. ಆಕೆಗೆ ಈ ಅಭ್ಯಾಸ ಗೊತ್ತಾದದ್ದು ಹೇಗೆ? ಮದುವೆಯಾದ ಹೊಸತರಲ್ಲಿ ಒಂದು ರಾತ್ರಿ ಏನೋ ಹೇಳಲು ಬಾಯಿ ತೆರೆದಿರಬೇಕು; ಕತ್ತಲಲ್ಲಿ ಇವನು ‘ಶ್’ ಎಂದಿರಬೇಕು. ಅವಳಿಗೂ ಒಂದು ದಿನ ಕಳೆದಿತ್ತಲ್ಲ! ಮಾಡು ಸೋರುತ್ತಿತ್ತೋ, ಆಳು ಜಾಡಿ ಒಡೆದಿದ್ದನೋ, ಮೈದುನನಿಂದ ಕುಹಕದ ಮಾತು ಬಂದಿತ್ತೋ. ಎಲ್ಲವನ್ನೂ ನುಂಗಿಕೊಂಡು, ಪಕ್ಕದಲ್ಲಿ ಒಬ್ಬ ತತ್ವಜ್ಞಾನಿ ತನ್ನನ್ನು ತಾನೇ ಕ್ಷಮಿಸಿಕೊಳ್ಳುವವರೆಗೆ ಕಾಯಬೇಕು. ಈ ವಿಚಾರಣೆಯ ಬಳಿಕ ಬರುವ ನಿದ್ದೆ ಎಷ್ಟು ಶಾಂತ, ಎಷ್ಟು ಗಾಢ ಎಂದು ಅವನು ಹಿಗ್ಗುತ್ತಾನೆ. ಬರದೇನು! ಅವಳು ಎಷ್ಟು ಹೊತ್ತಿಗೆ ಮಲಗಿದಳೆಂಬ ಪ್ರಸ್ತಾಪವೇ ಇಲ್ಲ.

ತಮಾಷೆಯೆಂದರೆ, ಇದಕ್ಕೆ ತುಸು ಮುಂಚೆ ಅವನೇ ಗದರಿಸಿದ್ದಾನೆ: ಆಳು, ಹೆಂಡತಿ ಎದುರುತ್ತರ ಕೊಟ್ಟರೆಂದು ಸಿಟ್ಟಾಗುತ್ತೀಯೆ, ಮನೆಯಲ್ಲಿ ನೀನೇ ಅಳಿಸಿದ ಸ್ವಾತಂತ್ರ್ಯ ರಾಜ್ಯದಲ್ಲಿ ಇಲ್ಲವಾಯಿತೆಂದು ಗೋಳಾಡುತ್ತೀಯೆ. ಎಷ್ಟು ಚೆನ್ನಾದ ಮಾತು! ಹೇಳಿ ಸ್ವಲ್ಪ ಹೊತ್ತಾಗಿಲ್ಲ, ಇವನ ಮನೆಯಲ್ಲಿ ದೀಪ ಆರಿತು, ಹೆಂಡತಿ ಸುಮ್ಮನಾದಳು. ಆಮೇಲಿನ ವಿಚಾರಣೆಯಲ್ಲಿ ಅಜ್ಞಾನಿಗಳ ಜೊತೆ ಮಾಡಿದ ವಾದ ಬರುತ್ತದೆ, ಅತಿಯಾಗಿ ಬೈಸಿಕೊಂಡವನು ಬರುತ್ತಾನೆ, ಶ್ರೀಮಂತನ ಬಾಗಿಲು ಕಾಯುವವನೂ ಬರುತ್ತಾನೆ. ಪಕ್ಕದಲ್ಲಿ ಮಲಗಿದವಳು ಬರುವುದಿಲ್ಲ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. “ಐದು ಗೆರೆಯಲ್ಲಿ ಬರೆಯಿರಿ ಮಾವ” ಎಂದ.

ಔತಣದಲ್ಲಿ ಕೆಳಗಿನ ಜಾಗ ಸಿಕ್ಕಿತೆಂದು ಕರೆದವನ ಮೇಲೆ, ಮೇಲಿನ ಜಾಗ ಪಡೆದವನ ಮೇಲೆ ಉರಿಯುವವರನ್ನೂ ಸೆನೆಕ ಅಲ್ಲೇ ಬೈಯುತ್ತಾನೆ: ಹುಚ್ಚ, ಆಸನದ ಯಾವ ಭಾಗಕ್ಕೆ ಒರಗಿದರೇನು? ಮೊನ್ನೆ ನಂಟರ ಮದುವೆಯೊಂದರಲ್ಲಿ ನಮ್ಮನ್ನು ಕೊನೆಯ ಪಂಕ್ತಿಗೆ ಕೂರಿಸಿದರು. ಹೋಳಿಗೆ ನಮಗಿಂತ ನಾಲ್ಕು ಎಲೆ ಆಚೆಯೇ ಮುಗಿಯಿತು. ಬಡಿಸುವವನು ಖಾಲಿ ತಟ್ಟೆ ತೋರಿಸಿ ನಕ್ಕ. ರೋಮಿನ ಆಸನಗಳ ವಿಷಯ ನನಗೆ ಬೇಡ. ಎಲ್ಲಿ ಕೂರುತ್ತೇವೆ ಎನ್ನುವುದು ಬಹಳ ಮುಖ್ಯ, ಮತ್ತು ಆ ನಂಟರ ಗೃಹಪ್ರವೇಶಕ್ಕೆ ನಾನು ಹೋಗುವುದಿಲ್ಲ.