ಸಮಾಧಿ ಪಕ್ಕ ಕೂತು ಬನ್ ತಿನ್ನುವ ಊರು

ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಬರುವ ನಮ್ಮವರಿಗೆ ಮೊದಲು ಬೇಕಾಗುವುದು ನ್ಯೂಹೌನ್‌ನ ಬಣ್ಣದ ಮನೆಗಳು, ಆಮೇಲೆ ಆ ಪುಟ್ಟ ಮತ್ಸ್ಯಕನ್ಯೆಯ ಪ್ರತಿಮೆ. ನೋಡಿ, ಫೋಟೋ ತೆಗೀರಿ, ಬೇಡ ಅನ್ನಲ್ಲ. ಆದರೆ ದಿನವಿಡೀ ಸುಮ್ನೆ ನಡೆದು, ತಿಂದು ಕಳೆಯಬೇಕು ಅಂದರೆ ನಾನು ಕರೆದುಕೊಂಡು ಹೋಗುವುದು ನೊರೆಬ್ರೊ ಅನ್ನೋ ಬಡಾವಣೆ ಕಡೆಗೆ.

ನೊರೆಪೋರ್ಟ್ ಸ್ಟೇಷನ್ ಪಕ್ಕ, 2011ರಲ್ಲಿ ತೆರೆದ ಟೊರ್ವೆಹಾಲರ್ನೆ ಅನ್ನೋ ಗಾಜಿನ ಮಾರ್ಕೆಟ್ ಇದೆ. ಅಲ್ಲಿ ಗಂಜಿಗೇ ಒಂದು ಅಂಗಡಿ! ನಮ್ಮಲ್ಲಿ ಜ್ವರ ಬಂದವರಿಗೆ ಕೊಡೋದನ್ನ ಇಲ್ಲಿ ದುಡ್ಡು ಕೊಟ್ಟು ಖುಷಿಯಾಗಿ ತಿನ್ನುತ್ತಾರೆ. ಮಧ್ಯಾಹ್ನಕ್ಕೆ ಕಪ್ಪು ರೈ ಬ್ರೆಡ್ ಮೇಲೆ ಬೆಂದ ಆಲೂಗಡ್ಡೆ, ಮೇಯನೇಸ್, ಕರಿದ ಈರುಳ್ಳಿ ಇಟ್ಟ ಸ್ಮೊರ್‌ಬ್ರೊಡ್ ಸಿಗುತ್ತೆ. ಮೊಟ್ಟೆ ತಿನ್ನದವರು ಮೇಯನೇಸ್ ಬೇಡ ಅನ್ನಿ. ಕೈಯಲ್ಲಿ ಎತ್ತಬೇಡಿ, ಚಾಕು-ಫೋರ್ಕ್ ಹಿಡಿಯಬೇಕು. ಬಿಸಿ ಮಸಾಲೆ ದೋಸೆ ಮುಂದೆ ಅದು ಸಪ್ಪೆಯೇ, ಬೆಲೆಯೂ ಜಾಸ್ತಿ. ಊಟದ ವಿಷಯದಲ್ಲಿ ನಾನು ಇನ್ನೂ ಬೆಂಗಳೂರಿನವನೇ.

ಆಮೇಲೆ ರಾಣಿ ಲೂಯಿಸ್ ಸೇತುವೆ ದಾಟಿ, ಸೈಕಲ್‌ಗಳ ಸಾಲಿನ ಪಕ್ಕದಲ್ಲೇ ನಡೆದರೆ ಹಳದಿ ಗೋಡೆಯ ಅಸಿಸ್ಟೆನ್ಸ್ ಸ್ಮಶಾನ. 1760ರದ್ದು. ಕಥೆಗಾರ ಆಂಡರ್ಸನ್, ತತ್ವಜ್ಞಾನಿ ಕಿರ್ಕೆಗಾರ್ಡ್, ವಿಜ್ಞಾನಿ ನೀಲ್ಸ್ ಬೋರ್, ಮೂವರೂ ಇಲ್ಲೇ ಇದ್ದಾರೆ. ಬಿಸಿಲು ಬಂತೋ, ಊರಿನವರು ಚಾಪೆ ಹಾಸಿ ಮಲಗುತ್ತಾರೆ, ಓದುತ್ತಾರೆ, ಏಲಕ್ಕಿ ಬನ್ ತಿನ್ನುತ್ತಾರೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಕತ್ತಲಾಗುವ ಊರು ಇದು, ಬಿಸಿಲು ಬಿಡೋದುಂಟೆ? ಪಾಯಸಕ್ಕೆ ಹಾಕುವ ಏಲಕ್ಕಿಯನ್ನ ಬ್ರೆಡ್ಡಿಗೆ ಹಾಕಿದ ಇವರ ಬುದ್ಧಿಗೆ ಮಾತ್ರ ನಾನು ಸೋತಿದ್ದೇನೆ. ಸ್ಮಶಾನಕ್ಕೆ ಹೋಗಿದ್ದನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಮನೆಗೆ ಹೋಗಿ ಸ್ನಾನ ಮಾಡಿದ್ಯೇನೋ?" ಅಂದರು.

ನಮ್ಮವರು ಸ್ಮಶಾನದಲ್ಲಿ ಪಿಕ್ನಿಕ್ ಮಾಡಲಿ ಅಂತ ನಾನು ಹೇಳ್ತಿಲ್ಲ. ನಮ್ಮ ಮಡಿ-ಮೈಲಿಗೆ ಬೇರೆ. ಆದರೆ ಇಲ್ಲಿನವರು ನಿಧಾನದ ಜನ, ನಾವು ಆತುರದವರು ಅನ್ನೋ ಮಾತನ್ನ ಒಪ್ಪಲ್ಲ. ಇಲ್ಲಿ ಸುಸ್ತಾದರೆ ಬೀದಿಯಲ್ಲೊಂದು ಬೆಂಚು ಇರುತ್ತೆ, ಏನನ್ನೂ ಕೊಳ್ಳದೆ ಕೂರಬಹುದು. ಬೆಂಗಳೂರಿನಲ್ಲಿ ಕೂರಬೇಕು ಅಂದರೆ ಕಾಫಿ ಹೇಳಬೇಕು. ದರ್ಶಿನಿಯಾದರೆ ಅದನ್ನೂ ನಿಂತೇ ಕುಡಿಯಬೇಕು, ಅಲ್ವಾ? ಹತ್ತು ನಿಮಿಷದಲ್ಲಿ ತಿಂಡಿ ಮುಗಿಸೋದು ನಮ್ಮ ಸ್ವಭಾವ ಅಲ್ಲ, ಜಾಗ ಇಲ್ಲದ ಕಾರಣ.

ಬಡಾವಣೆ ಪಾರ್ಕಿಗೆ ನಡು ಮಧ್ಯಾಹ್ನ ಬೀಗ ಹಾಕೋ ರೂಢಿ ನಮ್ಮಲ್ಲಿತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಲಿ ಅಂತ ಸರ್ಕಾರ ಹೇಳಿತು. ಅದು ನನಗೆ ಹೊಸ ಮೆಟ್ರೋ ಮಾರ್ಗಕ್ಕಿಂತ ದೊಡ್ಡ ಸುದ್ದಿ. ಇನ್ನು ಆ ಪಾರ್ಕಿನವರೆಗೆ ಎಡವದೆ ನಡೆಯೋಕೆ ಫುಟ್‌ಪಾತ್ ಒಂದು ಆಗಬೇಕು.