ಡ್ಯಾನಿಷ್ ಹಡಗುಗಳಿಗೆ ಅಷ್ಟು ಕಠಿಣ ಕಟ್ಟಳೆ ಬೇಕಿತ್ತೇ?

ಪರ

ಖಂಡಿತ ಬೇಕಿತ್ತು. ಏಷ್ಯಾದ ವ್ಯಾಪಾರಕ್ಕೆಂದು ಡೆನ್ಮಾರ್ಕಿನ ನೌಕಾಧಿಕಾರಿ ಓವೆ ಗ್ಜೆಡ್ಡೆಯ ಹಡಗುಗಳು 1618ರಲ್ಲಿ ಕೋಪನ್‌ಹೇಗನ್ ಬಿಟ್ಟವು. ಸಿಲೋನ್ ಮುಟ್ಟುವಾಗ ಸುಮಾರು ಒಂದೂವರೆ ವರ್ಷ ಆಗಿತ್ತು. ತಂಜಾವೂರಿನ ದೊರೆ ರಘುನಾಥ ನಾಯಕನಿಂದ ತಮಿಳುನಾಡಿನ ಕರಾವಳಿಯ ತರಂಗಂಬಾಡಿ ಅವರಿಗೆ ಸಿಕ್ಕಿದ್ದು 1620ರ ಕೊನೆಗೆ. ಮರದ ಹಡಗು, ಟಾರು ಬಳಿದ ಹಗ್ಗ, ಕೆಳಗೆ ಸಿಡಿಮದ್ದಿನ ಪೀಪಾಯಿ. ಒಬ್ಬ ಕುಡಿದು ದೀಪ ಬೀಳಿಸಿದರೆ ಎಲ್ಲರ ಕಥೆಯೂ ಮುಗಿಯಿತು, ಅಲ್ವಾ? ಅದಕ್ಕೇ ಕಟ್ಟಳೆ: ಕಾವಲಿನಲ್ಲಿ ನಿದ್ದೆ ಮಾಡುವಂತಿಲ್ಲ, ಪ್ರಾರ್ಥನೆ ತಪ್ಪಿಸುವಂತಿಲ್ಲ. ಚಾಕು ಎಳೆದವನ ಕೈಯನ್ನು ಅದೇ ಚಾಕುವಿನಿಂದ ಹಾಯಿಕಂಬಕ್ಕೆ ಚುಚ್ಚುವ ಶಿಕ್ಷೆಯಿತ್ತು.

ನಾನು ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವನು. ಒಂದು ರಾತ್ರಿ ಅಡುಗೆಕೋಣೆಯಲ್ಲಿ ಸಾರು ಸಾಲಲಿಲ್ಲ ಎಂದು ಇಬ್ಬರಿಗೆ ಜಗಳ ಹತ್ತಿತು. ಮೀನು ಕೊಯ್ಯುವ ಚಾಕು ಒಬ್ಬನ ಕೈಗೆ ಬಂತು. ಇನ್ನೊಬ್ಬನ ಮುಂಗೈ ಸೀಳಿ ರಕ್ತ ಸ್ಟೀಲ್ ಕಟ್ಟೆಯಿಂದ ತೊಟ್ಟಿಕ್ಕುತ್ತಿತ್ತು. ಬಂದರು ಇನ್ನೂ ದೂರ. ಕಂಪನಿಯವರು ಫೋನಿನಲ್ಲಿ "ರಾಜಿ ಮಾಡ್ಕೊಳ್ಳಿ" ಅಂದರು. ಮರುದಿನ ಇಬ್ಬರೂ ಒಂದೇ ಮೇಜಿನಲ್ಲಿ ಊಟಕ್ಕೆ ಕೂತರು. ಬಂದರು ಸಿಗುವವರೆಗೂ ನಾನು ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗಿದೆ. ನಡುನೀರಲ್ಲಿ ಪೊಲೀಸರಿಲ್ಲ, ಕೋರ್ಟಿಲ್ಲ. ಮೆತ್ತಗಿನ ನಿಯಮ ಯಾರನ್ನೂ ಕಾಯುವುದಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ವಿರೋಧ

ವಿರೋಧದ ಕಡೆ ಬರೆಯಲು ನನ್ನನ್ನು ಕೇಳಿದ್ದಾರೆ. ಕಟ್ಟಳೆಯೇ ಬೇಡ ಎಂದು ನಾನೂ ಹೇಳಲಾರೆ. ಆದರೆ ಪರ ಬರೆದವರ ಮಾತು ಕೇಳಿದರೆ ನಾವಿಕರೆಲ್ಲ ಕುಡುಕರು, ಚಾಕು ಹಿಡಿದವರು ಅನ್ನಿಸುತ್ತದೆ. 1622ರಲ್ಲಿ ಇಂಥದ್ದೇ ಹಡಗು ಹತ್ತಿ ತರಂಗಂಬಾಡಿಗೆ ಹೊರಟ ಐಸ್‌ಲ್ಯಾಂಡಿನ ಯೋನ್ ಓಲಾಫ್ಸನ್ ಇಳಿವಯಸ್ಸಿನಲ್ಲಿ ಕೂತು ತನ್ನ ಬದುಕಿನ ಕಥೆ ಬರೆದಿಟ್ಟವನು; ಅಂಥವರೂ ಆ ಹಡಗುಗಳಲ್ಲಿದ್ದರು.

ಕೈ ಚುಚ್ಚಿಸಿಕೊಂಡವನು ಮರುದಿನ ಹಗ್ಗ ಎಳೆಯುವುದು ಹೇಗೆ? ಆ ಯಾತ್ರೆಗಳಲ್ಲಿ ಜಾಸ್ತಿ ಜನರನ್ನು ಕೊಂದದ್ದು ಜಗಳವಲ್ಲ, ರೋಗ. 1619ರಲ್ಲಿ ಡೆನ್ಮಾರ್ಕಿನದೇ ಕಪ್ತಾನ ಯೆನ್ಸ್ ಮುಂಕ್ ಉತ್ತರದ ಹಿಮದ ದಾರಿ ಹಿಡಿದು ಏಷ್ಯಾ ತಲುಪಲು ಹೊರಟ. ಕೆನಡಾದ ಹಡ್ಸನ್ ಕೊಲ್ಲಿಯ ಚಳಿಗಾಲ ಕಳೆಯುವುದರೊಳಗೆ ಅರವತ್ತಕ್ಕೂ ಹೆಚ್ಚು ಜನರಲ್ಲಿ ಉಳಿದದ್ದು ಅವನೂ ಸೇರಿ ಮೂವರು. ತಾಜಾ ಹಣ್ಣು-ತರಕಾರಿ ಇಲ್ಲದೆ ಬರುವ ಸ್ಕರ್ವಿ ರೋಗ ಹತ್ತಿದರೆ ವಸಡು ಊದುತ್ತದೆ, ಹಲ್ಲು ಅಲ್ಲಾಡುತ್ತದೆ, ಹಡಗಿನ ಗಟ್ಟಿ ರೊಟ್ಟಿ ಅಗಿಯಲು ಆಗುವುದಿಲ್ಲ. ಅಂಥವನಿಗೆ ಶಿಕ್ಷೆಯ ಪಟ್ಟಿ ಓದಿ ಏನು ಮಾಡುತ್ತೀರಿ? ನಾವಿಕ ಏನು ಮಾಡಬಾರದು ಎನ್ನುವುದರ ಜೊತೆಗೆ, ಕಪ್ತಾನ ಅವನಿಗೆ ಏನು ತಿನ್ನಿಸಬೇಕು ಎಂಬ ಕಟ್ಟಳೆಯೂ ಬೇಕಿತ್ತು. ಅದು ಆಗದ ಮಾತೇನಲ್ಲ. 1601ರಲ್ಲೇ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕಪ್ತಾನ ಜೇಮ್ಸ್ ಲ್ಯಾಂಕಾಸ್ಟರ್ ತನ್ನ ಹಡಗಿನವರಿಗೆ ನಿಂಬೆರಸ ಕುಡಿಸಿದ್ದ.