ಶೇಕಡಾ ಐದರ ಕುಲಾವಿ

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋ ವಿದ್ಯೆ ನಮಗೆ ಮಾತ್ರ ಗೊತ್ತು ಅಂತ ಯಾರಾದರೂ ಬೀಗುತ್ತಿದ್ದರೆ, ದಯವಿಟ್ಟು ಬಿಟ್ಟುಬಿಡಿ. 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಅಮೆರಿಕ, ಯುರೋಪ್‌ಗಳ ಸೇನಾ ಕೂಟವಾದ ನೇಟೋದ ದೇಶಗಳು ಸೇರಿ ಅಳತೆ ಬರೆದುಕೊಂಡವು: 2035ರ ಹೊತ್ತಿಗೆ ರಕ್ಷಣೆಗೆ ಜಿಡಿಪಿಯ ಶೇ 5.

2014ರಲ್ಲಿ ಶೇ 2 ಅಂದಿದ್ದರು. ಈ ಸಲ ಟ್ರಂಪ್ ಜನವರಿಯಲ್ಲೇ ಐದು ಅಂದರು. ಯಾವ ದೇಶ ಏನೇನು ಯುದ್ಧದ ಸಾಮಾನು ತರಬೇಕು ಅನ್ನೋ ಪಟ್ಟಿಗೆ ರಕ್ಷಣಾ ಮಂತ್ರಿಗಳು ಒಪ್ಪಿದ್ದು ಆಮೇಲೆ, ಜೂನ್‌ನಲ್ಲಿ. ಹೇಗ್‌ನಲ್ಲಿ ನೇಟೋ ಮುಖ್ಯಸ್ಥ ಮಾರ್ಕ್ ರುಟ್ಟೆ ಟ್ರಂಪ್ ಅವರನ್ನು ‘ಡ್ಯಾಡಿ’ ಅಂದಿದ್ದೂ ಆಯಿತು. ಅಪ್ಪ ಹೇಳಿದ ಮೇಲೆ ಲೆಕ್ಕ ಕೇಳೋಕಾಗುತ್ತಾ?

ಸ್ಪೇನ್ ಕೇಳಿತು. ಅದೇ ಪಟ್ಟಿಯನ್ನು ಶೇ 2.1ರಲ್ಲೇ ಪೂರೈಸ್ತೀವಿ ಅಂದರು ಪ್ರಧಾನಿ ಸಾಂಚೆಸ್. ಆಗಲ್ಲ, ಆ ಪಟ್ಟಿಗೆ 3.5 ಬೇಕೇಬೇಕು ಅಂದರು ರುಟ್ಟೆ. ಯಾರ ಲೆಕ್ಕ ಸರಿ? ಪಟ್ಟಿಯೇ ಗುಟ್ಟು. ತಾಳೆ ನೋಡೋ ಭಾಗ್ಯ ತೆರಿಗೆ ಕಟ್ಟೋರಿಗಿಲ್ಲ. ಇನ್ನು ಜಿಡಿಪಿ ಕುಸಿದರಂತೂ ಹೊಸದಾಗಿ ಒಂದು ಬಂದೂಕೂ ಕೊಳ್ಳದೆ ಶೇಕಡಾವಾರು ಏರುತ್ತೆ. ಬಡವರಾದಷ್ಟೂ ಬಲಶಾಲಿಗಳು!

ಐಸ್‌ಲೆಂಡ್‌ಗೆ ಸೈನ್ಯವೇ ಇಲ್ಲ. 1949ರಿಂದ ಸದಸ್ಯ. ಆರಾಮಾಗಿದೆ.

ನಿಜವಾದ ಮಜಾ ಇಟಲಿಯದು. ಐದರಲ್ಲಿ 3.5 ಸೈನ್ಯಕ್ಕೆ, ಉಳಿದ 1.5 ಮೂಲಸೌಕರ್ಯ, ಸೈಬರ್ ಭದ್ರತೆ ಅಂಥವಕ್ಕೆ. ಸಿಸಿಲಿ ದ್ವೀಪಕ್ಕೆ ಮೆಸ್ಸಿನಾ ಜಲಸಂಧಿ ದಾಟೋ ಸೇತುವೆ ಕಟ್ಟಬೇಕು ಅನ್ನೋದು ಅಲ್ಲಿನ ಹಳೇ ಕನಸು. ಅದಕ್ಕಂತಲೇ ಒಂದು ಕಂಪನಿ ಹುಟ್ಟಿದ್ದು 1981ರಲ್ಲಿ. ಖರ್ಚು 1,350 ಕೋಟಿ ಯೂರೊ. ಇದನ್ನೂ ರಕ್ಷಣೆಯ ಲೆಕ್ಕಕ್ಕೆ ಬರೆಯಬಹುದಲ್ವಾ ಅಂತ ಮಂತ್ರಿಗಳೇ ಮಾತಾಡಿದರು. ಯುದ್ಧ ಬಂದರೆ ಸೈನ್ಯ ಸಾಗಿಸಬಹುದಂತೆ.

ಸಾಗಿಸಲಿ. ಆದರೆ ಇವರಿಗೆ ಹೆದರಿಕೆ ರಷ್ಯಾದ್ದು. ರಷ್ಯಾ ಇರೋದು ಪೂರ್ವಕ್ಕೆ, ಸೇತುವೆ ಹೊರಟಿರೋದು ಪಶ್ಚಿಮಕ್ಕೆ. ಸಿಸಿಲಿಯ ಸಿಗೊನೆಲ್ಲಾದಲ್ಲಿ ಸೇನಾ ನೆಲೆ ಇದೆಯಲ್ಲ ಅಂತಾರೆ. ಇದೆ, ವಿಮಾನಗಳ ನೆಲೆ. ವಿಮಾನ ಸಮುದ್ರ ದಾಟೋಕೆ ಸೇತುವೆ ಯಾಕೆ? ಮೇಲಾಗಿ, 1908ರ ಭೂಕಂಪದಲ್ಲಿ ಮೆಸ್ಸಿನಾ ನಗರ ನೆಲಸಮವಾದ ಜಾಗ ಅದು. ಶತ್ರು ಬರೋ ತನಕ ಕಾಯಬೇಕಾಗಿಯೂ ಇಲ್ಲ.

2025ರ ಆಗಸ್ಟ್‌ನಲ್ಲಿ ಸರ್ಕಾರ ಸೇತುವೆಗೆ ಒಪ್ಪಿಗೆ ಕೊಟ್ಟಿತು. ಅಕ್ಟೋಬರ್‌ನಲ್ಲಿ ಇಟಲಿಯದೇ ಲೆಕ್ಕಪರಿಶೋಧನಾ ನ್ಯಾಯಾಲಯ ತಡೆ ಹಾಕಿತು. ಪುಟಿನ್ ಇತ್ತ ತಲೆ ಹಾಕೋ ಮೊದಲೇ ಆಡಿಟರುಗಳು ಜಲಸಂಧಿಯನ್ನು ವಶಪಡಿಸಿಕೊಂಡರು.